ಏರ್ ಫಿಲ್ಟರ್ ಇಲ್ಲದೆ ಕಾರು ಓಡಿಸುವ ಕ್ರಮ: ಚಂದ್ರಗುತ್ತಿ ಸೀಮೆಯ ಗಾಡಿಗಳಿಗೆ

ಈ ಕೈಪಿಡಿ ಯಾರಿಗೆ

ಸೊರಬ, ಚಂದ್ರಗುತ್ತಿ, ಸಿದ್ದಾಪುರ, ಬನವಾಸಿ, ಈ ನಾಲ್ಕೂರುಗಳ ನಡುವೆ ಹಳೇ ಕಾರು ಇಟ್ಟುಕೊಂಡು ಓಡಾಡುವವರಿಗೆಂದು ಇದನ್ನು ಸಿದ್ಧಪಡಿಸಿದೆ. ಶಿಕಾರಿಪುರ, ಸಾಗರ ತಾಲೂಕಿನವರೂ ಬಳಸಬಹುದು; ಧೂಳಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಗಾಡಿ ಏರು ಹತ್ತುವಾಗ ಮುಕ್ಕುತ್ತದೆ, ಪಿಕಪ್ ಸಾಲದು, ಮೈಲೇಜ್ ಬಿದ್ದುಹೋಗಿದೆ ಎಂಬ ದೂರು ನಿಮ್ಮದಾಗಿದ್ದು, ಅದನ್ನು ಗ್ಯಾರೇಜಿನಲ್ಲಿ ಹೇಳುವ ಬದಲು ಚಾ ಅಂಗಡಿಯಲ್ಲಿ ಹೇಳಿದ್ದರೆ, ಈ ಹೊತ್ತಿಗೆ ಪರಿಹಾರ ಸಿಕ್ಕಿಯೇ ಇರುತ್ತದೆ: "ಆ ಏರ್ ಫಿಲ್ಟರ್ ಕಿತ್ತು ಬಿಸಾಕು ಮಾರಾಯ. ಎಂಜಿನ್ ಆರಾಮಾಗಿ ಉಸಿರಾಡ್ತದೆ." ಹೇಳಿದವರ ಬಳಿ ಸಾಮಾನ್ಯವಾಗಿ ಕಾರು ಇರುವುದಿಲ್ಲ. ಇದ್ದರೂ ಅದು ಸದ್ಯ ಶಿವಮೊಗ್ಗದಲ್ಲಿ ಲೇತ್ ಕೆಲಸಕ್ಕೆ ಹೋಗಿರುತ್ತದೆ. ಇಷ್ಟಕ್ಕೆ ಸಲಹೆಯ ತೂಕವೇನೂ ಕಡಿಮೆಯಾಗುವುದಿಲ್ಲ.

ಗಾಡಿಯ ಜೊತೆ ಕಂಪನಿಯವರು ಕೊಡುವ ಪುಸ್ತಕದಲ್ಲಿ ಈ ವಿಷಯಕ್ಕೆ ಜಾಗವಿಲ್ಲ. ಫಿಲ್ಟರ್ ಯಾವಾಗ ಬದಲಿಸಬೇಕೆಂದು ಬರೆಯುತ್ತಾರೆ, ಧೂಳಿನ ರಸ್ತೆಯಾದರೆ ಇನ್ನೂ ಬೇಗ ಬದಲಿಸಿ ಎಂದು ಸಣ್ಣ ಅಕ್ಷರದಲ್ಲಿ ಸೇರಿಸುತ್ತಾರೆ, ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ಫಿಲ್ಟರೇ ಬೇಡವೆನ್ನುವ ಗ್ರಾಹಕನಿಗೆ ದಾರಿ ತೋರಿಸುವವರಿಲ್ಲ. ಆ ಕೊರತೆ ತುಂಬಿಕೊಡುವುದಷ್ಟೇ ಇಲ್ಲಿಯ ಉದ್ದೇಶ.

ಬೇಕಾಗುವ ಸಾಮಾನು

ಒಂದು ಸ್ಕ್ರೂಡ್ರೈವರ್, ಒಂದು ಹತ್ತನೇ ನಂಬರ್ ಸ್ಪ್ಯಾನರ್. ಫಿಲ್ಟರ್ ಕೂರುವ ಡಬ್ಬಿಗೆ ಕ್ಲಿಪ್ಪಿದ್ದರೆ ಅವೂ ಬೇಡ, ಹೆಬ್ಬೆರಳು ಸಾಕು. ಬಿಚ್ಚುವಾಗ ಪಕ್ಕದಲ್ಲಿ ಮೆಕ್ಯಾನಿಕ್ ಇರದಂತೆ ನೋಡಿಕೊಳ್ಳಿ.

ಕಳಚುವ ಕ್ರಮ

ಬಾನೆಟ್ ಎತ್ತಿ. ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದು ಕಾಣುತ್ತದೆ, ಅದಕ್ಕೊಂದು ದಪ್ಪ ರಬ್ಬರ್ ಪೈಪು. ಕ್ಲಿಪ್ಪು ಎಬ್ಬಿಸಿ ಮುಚ್ಚಳ ಸರಿಸಿದರೆ ಒಳಗೆ ಒತ್ತೊತ್ತಾಗಿ ಮಡಚಿದ ಕಾಗದ ಕೂತಿದೆ. ಹಾಕಿಸಿದ ದಿನ ಅದು ಬಿಳಿಯೋ ತಿಳಿಹಳದಿಯೋ ಇದ್ದಿರಬೇಕು, ಈಗ ಕೆಮ್ಮಣ್ಣಿನ ಬಣ್ಣ. ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿ. ಒಂದರಲ್ಲಿ ಚಿಟ್ಟೆಯ ಅರ್ಧ ರೆಕ್ಕೆ, ಇನ್ನೊಂದರಲ್ಲಿ ಒಕ್ಕಲಿನ ಕಾಲದ ಭತ್ತದ ಹೊಟ್ಟು, ಮತ್ತೊಂದರಲ್ಲಿ ಸತ್ತ ನುಸಿಗಳ ಸಾಲು. ಡಬ್ಬಿಯ ತಳದ ಮೂಲೆಯಲ್ಲಿ ಇಲಿ ತಂದಿಟ್ಟ ಅಡಿಕೆ ಸಿಪ್ಪೆ. ಫಿಲ್ಟರನ್ನು ಹೊರಗೆ ತೆಗೆದು ಮುಂದಿನ ಟೈರಿಗೆ ಒಮ್ಮೆ ಬಡಿಯಿರಿ. ಕೆಂಪು ಹುಡಿ ಉದುರುತ್ತದೆ. ಅದರಲ್ಲಿ ಅರ್ಧ ಮಾತ್ರ ನೆಲಕ್ಕೆ ಬೀಳುತ್ತದೆ. ಉಳಿದದ್ದು ಗಾಳಿಯಲ್ಲೇ ನಿಂತುಬಿಡುತ್ತದೆ, ಬಿಸಿಲಿಗೆ ಅಡ್ಡ ನಿಂತು ನೋಡಿದರೆ ಕಾಣುತ್ತದೆ. ಬೀಳದೆ ನಿಂತದ್ದನ್ನು ನೆನಪಿನಲ್ಲಿಡಿ, ಮುಂದಿನ ಪುಟಗಳಲ್ಲಿ ಅದರ ಕೆಲಸ ಬಹಳವಿದೆ.

ಫಿಲ್ಟರಿನ ಇನ್ನೊಂದು ಮೈಯನ್ನು, ಎಂದರೆ ಎಂಜಿನ್ ಕಡೆಯದನ್ನು, ಯಾವ ಕಾರಣಕ್ಕೂ ತಿರುಗಿಸಿ ನೋಡಬಾರದು. ಅದು ಇನ್ನೂ ಬೆಳ್ಳಗೇ ಇರುತ್ತದೆ. ಅದನ್ನು ಕಂಡು ಮನಸ್ಸು ಬದಲಿಸಿ, ಕಾಗದವನ್ನು ಅಲ್ಲೇ ವಾಪಸು ಕೂರಿಸಿ ಬಾನೆಟ್ ಮುಚ್ಚಿದ ದುರ್ಬಲರಿದ್ದಾರೆ.

ಅರ್ಧ ಧೈರ್ಯದವರಿಗೆ ಎರಡು ಮಾತು. ಕಾಗದ ಕಿತ್ತ ಜಾಗಕ್ಕೆ ಹಳೇ ಬನಿಯನ್ ಬಟ್ಟೆ ಕಟ್ಟುವವರಿದ್ದಾರೆ. ದಪ್ಪ ಹರಳನ್ನು ಅದು ತಡೆದೀತು, ಸಣ್ಣದನ್ನು ಬಿಟ್ಟುಕೊಡುತ್ತದೆ, ಒಂದು ದಿನ ಎಂಜಿನ್ನಿನ ಸೆಳೆತಕ್ಕೆ ತಾನೇ ಒಳಗೆ ಹೋಗುತ್ತದೆ. ಇನ್ನು ಕೆಲವರು ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಹೊಡೆಯುವ ಗಾಳಿಯ ಪೈಪನ್ನು ಕಾಗದಕ್ಕೆ ಮುಟ್ಟಿಸಿಯೇ ಹಿಡಿಯುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬಿದ್ದು ಕಾಗದ ಒಳಗಿಂದೊಳಗೇ ಹರಿಯುತ್ತದೆ, ಫಿಲ್ಟರ್ ಇದ್ದೂ ಇಲ್ಲದ ಹಾಗಾಗುತ್ತದೆ. ಕಾಗದದ ಫಿಲ್ಟರ್ ಸ್ವಲ್ಪ ಕೊಳೆಯಾದಷ್ಟೂ ಹೆಚ್ಚು ಧೂಳು ಹಿಡಿಯುತ್ತದೆ, ಮೇಲೆ ಕೂತ ಧೂಳಿನ ಪದರವೇ ಮುಂದಿನ ಧೂಳಿಗೆ ಜರಡಿಯಾಗುತ್ತದೆ. ಹಾಗಾಗಿ ಅದನ್ನು ದಿನಾ ಹೊಳಪಿಸುವ ಶುಚಿವಂತರೂ ನಮ್ಮ ಗುರಿಯನ್ನೇ ಬೇರೆ ದಾರಿಯಿಂದ ತಲುಪುತ್ತಾರೆ. ಆದರೆ ಹೆಸರು ಸಿಗುವುದು ಪೂರ್ತಿ ಕಿತ್ತವರಿಗೇ.

ಮೊದಲ ಸವಾರಿ

ಕೀ ತಿರುಗಿಸಿ ಆಕ್ಸಿಲರೇಟರ್ ಒತ್ತಿ. ನಿನ್ನೆಯವರೆಗೆ ಗೊಣಗುತ್ತಿದ್ದ ಎಂಜಿನ್ ಈಗ ಗದರುತ್ತದೆ. ಕಾರಣ ಸರಳ: ಆ ಪ್ಲಾಸ್ಟಿಕ್ ಡಬ್ಬಿ, ಕಾಗದ, ಪೈಪು ಇಷ್ಟೂ ಸೇರಿ ಎಂಜಿನ್ ಗಾಳಿ ಎಳೆಯುವ ಸದ್ದನ್ನು ಅಡಗಿಸುತ್ತಿದ್ದವು. ಸೈಲೆನ್ಸರ್ ಹಿಂದೆ ಮಾತ್ರ ಇದೆ ಎಂದುಕೊಂಡವರಿಗೆ ಇದು ಗೊತ್ತಿರುವುದಿಲ್ಲ. ಸದ್ದು ಹೆಚ್ಚಾದದ್ದನ್ನು ನೀವು ಶಕ್ತಿ ಹೆಚ್ಚಾಯಿತೆಂದೇ ತಿಳಿಯಬೇಕು. ಇಡೀ ಪದ್ಧತಿ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ. ಗ್ರಾಮಸಭೆಯಲ್ಲಿ ಕೂತು ಅಭ್ಯಾಸವಿದ್ದವರಿಗೆ ಇದೇನೂ ಕಷ್ಟವಾಗದು.

ಲೆಕ್ಕ ಹಾಕುವ ಚಟದವರು ಊರಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ, ಅವರಿಂದ ದೂರವಿರಿ. ಅವರು ಹೇಳುವುದು ಹೀಗಿರುತ್ತದೆ. ಶುಭ್ರವಾದ ಕಾಗದದ ಫಿಲ್ಟರ್ ಗಾಳಿಗೆ ಒಡ್ಡುವ ತಡೆ ವಾತಾವರಣದ ಒತ್ತಡದಲ್ಲಿ ನೂರಕ್ಕೆ ಒಂದೆರಡು ಪಾಲು. ಸಮುದ್ರಮಟ್ಟದಿಂದ ನೂರು ಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಇಳಿಯುವುದೂ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು. ಚಂದ್ರಗುತ್ತಿ, ಸೊರಬಗಳು ಐನೂರು ಮೀಟರಿಗೂ ಎತ್ತರದಲ್ಲಿವೆ. ಎಂಜಿನ್ನಿಗೆ ಗಾಳಿ ಹೆಚ್ಚು ಸಿಗಬೇಕೆಂಬುದೇ ನಿಮ್ಮ ಹಂಬಲವಾದರೆ ಘಟ್ಟ ಇಳಿದು ಹೊನ್ನಾವರದ ಕಡಲ ದಂಡೆಯಲ್ಲಿ ಒಂದು ಸುತ್ತು ಹೊಡೆದು ಬನ್ನಿ; ಫಿಲ್ಟರ್ ಕಿತ್ತರೆ ಸಿಗುವುದಕ್ಕಿಂತ ಎರಡು ಮೂರು ಪಟ್ಟು ಲಾಭ, ಜೊತೆಗೆ ಮೀನೂ ಸಿಗುತ್ತದೆ.

ಅವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಡಬ್ಬಿಯನ್ನೇ ಪೂರ್ತಿ ಕಳಚಿದವರ ಗಾಡಿ ಹೊರಗಿನ ತಂಪು ಗಾಳಿ ಬಿಟ್ಟು ಬಾನೆಟ್ಟಿನೊಳಗಿನ ಕಾದ ಗಾಳಿಯನ್ನೇ ಎಳೆಯುತ್ತದೆ. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇಕಡಾ 1 ಇಳಿಯುತ್ತದೆ. ಕಾದ ಎಂಜಿನ್ನಿನ ಸುತ್ತ ಇಪ್ಪತ್ತು ಮೂವತ್ತು ಡಿಗ್ರಿ ಹೆಚ್ಚಿರುವುದು ಸಾಮಾನ್ಯ. ಆಗ ಗಳಿಸಿದ್ದು ಒಂದು, ಕಳೆದುಕೊಂಡದ್ದು ಏಳೆಂಟು. ಇದಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ. ಇನ್ನೊಮ್ಮೆ ಆಕ್ಸಿಲರೇಟರ್ ಒತ್ತಿ ಸದ್ದು ಕೇಳಿಸಿ.

ಮೈಲೇಜಿನ ಪ್ರಶ್ನೆಗೆ ಮಾತ್ರ ಹಿಂದೆ ಒಂದು ನಿಜವಿತ್ತು. ಮಾರುತಿ 800 ಡಿಸೆಂಬರ್ 1983ರಲ್ಲಿ ರಸ್ತೆಗಿಳಿದಾಗ ಅದಕ್ಕಿದ್ದದ್ದು ಕಾರ್ಬೊರೇಟರ್. ಕಾರ್ಬೊರೇಟರಿಗೆ ಗಾಳಿಯನ್ನು ಅಳೆಯಲು ಬರುವುದಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಅದು ಚೋಕ್ ಎಳೆದ ಹಾಗೆ ಪೆಟ್ರೋಲ್ ಹೆಚ್ಚು ಸುರಿಯುತ್ತಿತ್ತು, ಹೊಗೆ ಕಪ್ಪಾಗುತ್ತಿತ್ತು, ಮೈಲೇಜ್ ಬೀಳುತ್ತಿತ್ತು. ಕಟ್ಟಿಕೊಂಡ ಫಿಲ್ಟರ್ ತೆಗೆದ ಕೂಡಲೇ ಗಾಡಿ ಹಗುರಾಗಿ ಓಡಿದ್ದನ್ನು ಆ ಕಾಲದವರು ಕಣ್ಣಾರೆ ಕಂಡಿದ್ದಾರೆ. ಹೊಸ ಫಿಲ್ಟರ್ ಹಾಕಿದ್ದರೂ ಅಷ್ಟೇ ಹಗುರಾಗುತ್ತಿತ್ತು ಎಂಬುದನ್ನು ಪರೀಕ್ಷಿಸಲು ದುಡ್ಡು ಬೇಕಿತ್ತು. ಈಗಿನ ಇಂಜೆಕ್ಷನ್ ಗಾಡಿಗಳು ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತವೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಬೇಕೆಂದೇ ಫಿಲ್ಟರ್ ಕಟ್ಟಿಸಿ ಇಂಥ ಕಾರುಗಳನ್ನು ಓಡಿಸಿದರು: ಕಾಲು ಪೂರ್ತಿ ಒತ್ತಿದಾಗ ವೇಗ ಏರುವುದು ನಿಧಾನವಾಯಿತು, ಮೈಲೇಜ್ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಕಟ್ಟಿಕೊಂಡ ಫಿಲ್ಟರೇ ಮೈಲೇಜ್ ತಿನ್ನದಿದ್ದ ಮೇಲೆ, ಅದನ್ನು ಕಿತ್ತರೆ ಉಳಿಯುವುದಾದರೂ ಏನು ಎಂದು ಯಾರಾದರೂ ಕೇಳಿಯಾರು. ಚಾ ಹೇಳಿ, ಮಾತು ಅಡಿಕೆ ರೇಟಿನ ಕಡೆ ತಿರುಗಿಸಿ.

ಕಚ್ಚಾ ಸಾಮಗ್ರಿ

ಈ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತ. ಜಂಬಿಟ್ಟಿಗೆ ಕಲ್ಲು ಸವೆದು ಆದ ನೆಲ ಇದು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ, ಇಕ್ಕೇರಿಯ ಕಡೆಗೂ ಬಂದಿದ್ದ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು, ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಅದರಿಂದಲೇ. ಅವನ ಕಣ್ಣಿಗೆ ಬಿದ್ದದ್ದು ಮಲಬಾರಿನ ಅಂಗಾಡಿಪುರದ ಕಲ್ಲು. ನೆಲದಲ್ಲಿರುವಾಗ ಕೊಯ್ಯಲು ಬರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂದು ಅವನು ಬರೆದುಕೊಂಡ. ಎಂಜಿನ್ನಿನೊಳಗೆ ಹೋದ ಮೇಲೆ ಏನಾಗುತ್ತದೆಂದು ಬರೆಯಲು ಅವನಿಗೆ ಅವಕಾಶವಿರಲಿಲ್ಲ. ಅವನು ಬಂದದ್ದು ಪಲ್ಲಕ್ಕಿ, ಎತ್ತುಗಳ ಕಾಲದಲ್ಲಿ.

ಈ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಅದರ ಜೊತೆಗೆ ಬೆಣಚುಕಲ್ಲಿನ ಹುಡಿ ಇದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿಗೆ 7, ಹೆಮಟೈಟಿಗೆ 6ರ ಆಸುಪಾಸು. ನಮ್ಮ ಕಾರಿನ ಸಿಲಿಂಡರಿನ ಎರಕದ ಕಬ್ಬಿಣ ಇವೆರಡರ ಮುಂದೆಯೂ ಮೆತ್ತಗಿನದೇ. ಅದಿರು ಲಾರಿಗಳ ಕಾಲದಲ್ಲಿ ಸಂಡೂರು, ಹೊಸಪೇಟೆಯವರು ತಮ್ಮದೇ ದೊಡ್ಡ ಧೂಳು ಎಂದು ಬೀಗಿದ್ದುಂಟು. ಪ್ರಮಾಣದಲ್ಲಿ ಅವರು ಗೆದ್ದಿರಬಹುದು.

ಏರ್ ಫಿಲ್ಟರ್ ತಯಾರಿಸುವವರಿಗೆ ಅದನ್ನು ಪರೀಕ್ಷಿಸಲೆಂದು ಅಮೆರಿಕದ ಅರಿಜೋನಾ ಮರುಭೂಮಿಯ ಧೂಳನ್ನು ಜರಡಿ ಹಿಡಿದು, ಕಣದ ಗಾತ್ರ ಅಳೆದು, ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಅದಕ್ಕೆ ಅಂತಾರಾಷ್ಟ್ರೀಯ ಮಾನಕವೇ ಇದೆ. ಒಳ್ಳೆಯ ಕಾಗದದ ಫಿಲ್ಟರ್ ಆ ಧೂಳಿನಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ಹಿಡಿಯಬೇಕು. ಮಾರ್ಚ್ ಸುಮಾರಿಗೆ ನಡೆಯುವ ರೇಣುಕಾಂಬೆ ಜಾತ್ರೆಯ ಹೊತ್ತಿಗೆ ಚಂದ್ರಗುತ್ತಿಯಲ್ಲಿ ಒಂದು ಡಬ್ಬಿ ಬಾಯಿ ತೆರೆದು ನಿಂತರೆ ಅರಿಜೋನಾದವರ ವ್ಯಾಪಾರ ಮುಗಿದಂತೆ. ಹಾವೇರಿ ಕಡೆಯಿಂದ, ಶಿರಸಿ ಕಡೆಯಿಂದ, ಶಿಕಾರಿಪುರ ಕಡೆಯಿಂದ ಟ್ರ್ಯಾಕ್ಟರು, ಟೆಂಪೊ, ಗೂಡ್ಸ್ ಆಟೊ, ಚಕ್ಕಡಿ ಎಲ್ಲ ಕೋಟೆಗುಡ್ಡದ ಬುಡಕ್ಕೆ ಬಂದು ಸೇರುತ್ತವೆ. ಕದಂಬರು, ವಿಜಯನಗರದವರು, ಕೆಳದಿಯ ನಾಯಕರು ಹಿಡಿದು ಬಿಟ್ಟು ಹಿಡಿದ ಗುಡ್ಡ ಅದು. ಗುಹೆಯೊಳಗಿನ ಅಮ್ಮನ ದರ್ಶನಕ್ಕೆ ಮೆಟ್ಟಿಲು ಹತ್ತುವವರು ಮೂಗಿಗೆ ಟವಲ್ಲು ಕಟ್ಟಿಕೊಳ್ಳುತ್ತಾರೆ. ಕೆಳಗೆ ಗದ್ದೆಯಲ್ಲಿ ನಿಲ್ಲಿಸಿಟ್ಟ ನಮ್ಮ ಕಾರಿಗೆ ಆ ಸಂಕೋಚವಿಲ್ಲ.

ಹೆಚ್ಚಿನ ಫಲ ಬಯಸುವವರು ಟ್ರೈಲರ್ ಎಳೆಯುವ ಟ್ರ್ಯಾಕ್ಟರಿನ ಬೆನ್ನಿಗೆ ಬಿದ್ದು ಸಾಗಬೇಕು, ಓವರ್‌ಟೇಕ್ ಮಾಡಬಾರದು. ಒಂದು ಲೀಟರ್ ಪೆಟ್ರೋಲ್ ಸುಡಲು ಎಂಜಿನ್ನಿಗೆ ಸುಮಾರು 9,000 ಲೀಟರ್ ಗಾಳಿ ಬೇಕು. ಸುಮ್ಮನೆ ಕೂತ ಮನುಷ್ಯ ಬೆಳಗಿಂದ ಬೆಳಗಿನವರೆಗೆ ಉಸಿರಾಡುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಚಂದ್ರಗುತ್ತಿಯಿಂದ ಸೊರಬ ಮುಟ್ಟುವುದರೊಳಗೆ ನಿಮ್ಮ ಕಾರು ಒಬ್ಬ ಆಳಿನ ಒಂದು ದಿನದ ಉಸಿರನ್ನು ಎಳೆದು ಮುಗಿಸಿರುತ್ತದೆ. ಮುಂದೇನೂ ಕಾಣದಷ್ಟು ದಟ್ಟ ಧೂಳಿದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ 0.9 ಗ್ರಾಂ ಆಸುಪಾಸು ಧೂಳಿರುತ್ತದೆಂದು ಫಿಲ್ಟರ್ ಪರೀಕ್ಷೆಯವರು ಇಟ್ಟುಕೊಂಡಿದ್ದಾರೆ. ಅಂಥ ಗಾಳಿಯಾದರೆ ಲೀಟರ್ ಪೆಟ್ರೋಲಿಗೆ ಎಂಟು ಗ್ರಾಂ, ಟೀ ಚಮಚಕ್ಕೂ ಮಿಗಿಲು. ಅದರ ಹತ್ತರಲ್ಲೊಂದು ಪಾಲು ಸಿಕ್ಕರೂ ನಮ್ಮ ಕೆಲಸಕ್ಕೆ ಧಾರಾಳವಾಯಿತು.

ಒಳಗೆ ನಡೆಯುವುದು

ಕಲ್ಲು ಹೋದರೆ ಎಂಜಿನ್ ಹಾಳಾಗುತ್ತದೆ, ಧೂಳಿಗೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ತಿರುಗಾಮುರುಗಾ ತಿಳಿದಿದ್ದಾರೆ. ಕಲ್ಲು ಅಷ್ಟು ದೂರ ಹೋಗುವುದೇ ಇಲ್ಲ. ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಆಯಿಲಿನ ಪೊರೆ ಕೆಲವೇ ಮೈಕ್ರಾನ್ ದಪ್ಪ. ತಲೆಗೂದಲು ಎಪ್ಪತ್ತು ಮೈಕ್ರಾನಿನ ಆಸುಪಾಸು. ಆ ಪೊರೆಯೊಳಗೆ ನುಸುಳಿ ಎರಡೂ ಕಡೆಗೆ ತಾಗಿಕೊಂಡು ನಿಲ್ಲಬಲ್ಲ, ಐದರಿಂದ ಇಪ್ಪತ್ತು ಮೈಕ್ರಾನಿನ ಕಣವೇ ಹೆಚ್ಚು ಸವೆತ ತರುವುದು. ಟೈರಿಗೆ ಬಡಿದಾಗ ನೆಲಕ್ಕೆ ಬೀಳದೆ ಗಾಳಿಯಲ್ಲಿ ನಿಂತಿತಲ್ಲ, ಆ ಹುಡಿ.

ಸೊರಬ, ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಉಪ್ಪುಕಾಗದ ತಿಕ್ಕಿ ನಯ ತರುವುದನ್ನು ನೀವು ನೋಡಿದ್ದರೆ ಉಳಿದದ್ದನ್ನು ವಿವರಿಸುವ ಅಗತ್ಯವಿಲ್ಲ. ಪಿಸ್ಟನ್ ಅಲ್ಯುಮಿನಿಯಮ್ಮಿನದು, ಮೆತ್ತಗೆ. ಬೆಣಚಿನ ಹರಳು ಅದರ ಮೈಯಲ್ಲಿ ಹುಗಿದುಕೊಂಡು ಅಲ್ಲೇ ಮನೆ ಮಾಡುತ್ತದೆ. ಅಲ್ಲಿಗೆ ಪಿಸ್ಟನ್ನೇ ಉಪ್ಪುಕಾಗದವಾಯಿತು. ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಅದು ಆರು ಸಾವಿರ ಸಲ ಗೋಡೆಯನ್ನು ತಿಕ್ಕುತ್ತದೆ, ಕೂಲಿ ಕೇಳದೆ. ಕಾರ್ಖಾನೆಯವರು ಗೋಡೆಯ ಮೇಲೆ ಆಯಿಲ್ ನಿಲ್ಲಲೆಂದು ಗೀರಿದ ಅಡ್ಡಗೆರೆಗಳು ಮೊದಲು ಮಾಯವಾಗುತ್ತವೆ. ಆಮೇಲೆ ಗೋಡೆ ಕನ್ನಡಿಯ ಹಾಗೆ ಹೊಳೆಯತೊಡಗುತ್ತದೆ. ನೋಡಲು ಬಹಳ ಚೆಂದ, ಆದರೆ ನೋಡಬೇಕಾದರೆ ಹೆಡ್ ಬಿಚ್ಚಬೇಕು.

ಇಷ್ಟು ಕೆಲಸ ಮಾಡಿದ ಹುಡಿ ಅಲ್ಲಿಗೇ ಸುಮ್ಮನಾಗುವುದಿಲ್ಲ. ರಿಂಗು ದಾಟಿ ಕೆಳಗಿಳಿದು ಚೇಂಬರಿನ ಆಯಿಲಿಗೆ ಸೇರುತ್ತದೆ, ಅಲ್ಲಿಂದ ಬೇರಿಂಗುಗಳಿಗೆ ಸರಬರಾಜಾಗುತ್ತದೆ. ಆಯಿಲ್ ಫಿಲ್ಟರ್ ದಪ್ಪ ಕಣಗಳನ್ನು ತಡೆಯುತ್ತದೆ, ಇಷ್ಟು ಸಣ್ಣದರಲ್ಲಿ ಬಹುಪಾಲು ಅದರ ಕೈತಪ್ಪಿ ಹೋಗುತ್ತದೆ. ಆಯಿಲ್ ಕಡ್ಡಿ ಎಳೆದು ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ. ಜಾರಿದರೆ ಇನ್ನೂ ಕಾಯಬೇಕು. ಸಣ್ಣಗೆ ಗರಗರ ಎಂದರೆ ಪದ್ಧತಿ ಕೈಗೂಡಿದೆ.

ಟರ್ಬೊ ಇರುವ ಡೀಸೆಲ್ ಗಾಡಿಯವರಿಗೆ ಇಷ್ಟು ಕಾಯುವ ತಾಳ್ಮೆ ಬೇಕಾಗಿಲ್ಲ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಆ ವೇಗಕ್ಕೆ ಎದುರಾದ ಮರಳ ಕಣ ಅದರ ಎಸಳುಗಳ ಅಂಚನ್ನು ಕೊರೆಯುತ್ತದೆ. ಗಾಳಿ ಅಳೆಯಲು ಬಿಸಿ ತಂತಿಯ ಸೆನ್ಸರ್ ಇರುವ ಗಾಡಿಗಳಲ್ಲಿ ತಂತಿಯ ಮೇಲೆ ಧೂಳು ಕೂತು ಲೆಕ್ಕ ತಪ್ಪುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ದೀಪದ ಮೇಲೆ ದೇವರ ಸ್ಟಿಕ್ಕರ್ ಅಂಟಿಸಿ.

ಮಳೆಗಾಲದ ಸೂಚನೆ

ಜೂನಿನಲ್ಲಿ ಧೂಳಿನ ಸರಬರಾಜು ನಿಲ್ಲುತ್ತದೆಂದು ಚಿಂತಿಸಬೇಡಿ. ಮೊದಲ ಮಳೆಯ ಸಂಜೆ ಹೆಡ್‌ಲೈಟಿಗೆ ಮುತ್ತುವ ಮಳೆಹುಳಗಳಿವೆ. ಆಮೇಲೆ ನೀರೇ ಇದೆ. ಕಂಪನಿಯವರು ಡಬ್ಬಿಯ ಮೂತಿಯನ್ನು ಎತ್ತರದಲ್ಲಿ, ನೀರು ಚಿಮ್ಮದ ಕಡೆ ಇಟ್ಟಿದ್ದರು. ನೀವು ಡಬ್ಬಿಯನ್ನೇ ಕಳಚಿದ್ದರೆ ಅದೂ ಹೋಯಿತು. ರಸ್ತೆಗೆ ಅಡ್ಡ ಹರಿಯುವ ನೀರಿಗೆ ಜೋರಾಗಿ ನುಗ್ಗಿದರೆ ಒಂದೆರಡು ಲೋಟ ನೀರು ಸಿಲಿಂಡರಿಗೆ ಹೋಗುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ಪಿಸ್ಟನ್ನಿಗೆ ಇದು ಗೊತ್ತಿರುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ವರ್ಷಗಟ್ಟಲೆ ನಡೆಯಬೇಕಾಗಿದ್ದ ಕೆಲಸ ಒಂದು ಕ್ಷಣದಲ್ಲಿ ಮುಗಿಯುವುದರಿಂದ ಈ ವಿಧಾನವನ್ನು ಕಾಲಾವಕಾಶ ಇಲ್ಲದವರಿಗೆ ಮಾತ್ರ ಶಿಫಾರಸು ಮಾಡಲಾಗಿದೆ.

ಕಾರ್ಬೊರೇಟರ್ ಗಾಡಿಯವರು ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಂದು ಎಚ್ಚರ ವಹಿಸಬೇಕು. ಎಂಜಿನ್ ಹಿಂದಕ್ಕೆ ಸಿಡಿದರೆ ಬೆಂಕಿಯ ನಾಲಗೆ ಕಾರ್ಬೊರೇಟರಿನ ಬಾಯಿಂದ ಹೊರಬರುತ್ತದೆ. ಡಬ್ಬಿ, ಫಿಲ್ಟರ್ ಇದ್ದಾಗ ಅದು ಒಳಗೇ ಅಡಗುತ್ತಿತ್ತು. ಈಗ ಅದರ ಎದುರಿಗೆ ಪೆಟ್ರೋಲ್ ಪೈಪು ಇದೆ. ಈ ಕಾರಣಕ್ಕೆ ಕಾರನ್ನು ಅಡಿಕೆ ಚಪ್ಪರದ ಕೆಳಗೆ ನಿಲ್ಲಿಸಬಾರದು. ಈ ಕೈಪಿಡಿಯಲ್ಲಿ ತಮಾಷೆಯಿಲ್ಲದೆ ಹೇಳುತ್ತಿರುವ ಮಾತು ಇದೊಂದೇ.

ಹಿರಿಯರು ಆಕ್ಷೇಪಿಸಿದರೆ

ಜೀಪು ಓಡಿಸಿದ ಹಿರಿಯರು ಊರಿಗೊಬ್ಬರಾದರೂ ಇದ್ದಾರೆ. ಅವರ ಜೀಪಿಗೆ ಕಾಗದದ ಫಿಲ್ಟರ್ ಇರಲಿಲ್ಲ, ಆಯಿಲ್ ಬಾತ್ ಇತ್ತು: ತಗಡಿನ ದುಂಡು ಡಬ್ಬಿ, ತಳದಲ್ಲಿ ಒಂದು ಬಟ್ಟಲು, ಬಟ್ಟಲಲ್ಲಿ ಗುರುತಿನವರೆಗೆ ಆಯಿಲ್. ಒಳಬಂದ ಗಾಳಿ ಆಯಿಲಿನ ಮೇಲೆ ಬಡಿದು ತಿರುಗಿ ಮೇಲಿನ ತಂತಿಜಾಲದ ಮೂಲಕ ಏರುವಾಗ ಧೂಳನ್ನು ಕೆಳಗೇ ಬಿಟ್ಟುಹೋಗುತ್ತಿತ್ತು. ಬೇಸಿಗೆಯಲ್ಲಿ ಡ್ರೈವರ್ ಆಗಾಗ ಬಟ್ಟಲು ಬಿಚ್ಚಬೇಕು. ಮೇಲಿನ ಆಯಿಲ್ ಚೆಲ್ಲಿದರೆ ತಳದಲ್ಲಿ ಬೆರಳ ದಪ್ಪದ ಕೆಂಪು ಗಸಿ. ಅದನ್ನು ಕಡ್ಡಿಯಿಂದ ಕೆರೆದು, ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಹೊಸ ಆಯಿಲ್ ಸುರಿದು ಕೂರಿಸುತ್ತಿದ್ದ. ಹಾಗೆ ಕೆರೆದ ಕೈಗೆ ಎಂಜಿನ್ ಏನು ತಿನ್ನದೆ ಉಳಿಯಿತೆಂದು ಗೊತ್ತಿತ್ತು. ಟ್ರ್ಯಾಕ್ಟರಿನವರಿಗೆ ಈಗಲೂ ಗೊತ್ತು; ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಗಾಳಿ ಎಳೆಯುವ ಕೊಳವೆಯ ತುದಿಗೆ ಪಾರದರ್ಶಕ ಬಟ್ಟಲೊಂದಿದ್ದು ಅದರಲ್ಲಿ ತುಂಬುವ ಮಣ್ಣು ಸೀಟಿನಿಂದಲೇ ಕಾಣುತ್ತದೆ. ಟ್ರ್ಯಾಕ್ಟರಿನ ಫಿಲ್ಟರ್ ಕಿತ್ತ ರೈತನನ್ನು ನಾನು ಕಂಡಿಲ್ಲ. ಕಾರಿನವರ ಧೂಳು ಮುಚ್ಚಿದ ಕಪ್ಪು ಡಬ್ಬಿಯೊಳಗಿದೆ. ಕಾಣುವುದಿಲ್ಲ, ಹಾಗಾಗಿ ಇಲ್ಲ. ನಮ್ಮ ಪದ್ಧತಿ ಕಾರಿನಲ್ಲೇ ಹೆಚ್ಚು ಜನಪ್ರಿಯವಾದದ್ದಕ್ಕೆ ಇದೇ ಕಾರಣವಿರಬೇಕು.

ಹಿರಿಯರ ಬಾಯಿ ಕಟ್ಟಲು ನಿಮಗೊಂದು ಬಲವಾದ ಪುರಾವೆ ಬೇಕು. ತಗೊಳ್ಳಿ: 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿಗೆ ಏರ್ ಫಿಲ್ಟರೇ ಇರಲಿಲ್ಲ. ಇಲ್ಲಿಗೆ ಮಾತು ನಿಲ್ಲಿಸಿ. ಆ ಕಾರಿನ ರಿಂಗು, ವಾಲ್ವುಗಳ ಕೆಲಸ ಮನೆಯ ಅಂಗಳದಲ್ಲೇ ಮತ್ತೆ ಮತ್ತೆ ನಡೆಯುತ್ತಿತ್ತು ಎಂಬುದನ್ನು ಹೇಳಲು ಹೋಗಬೇಡಿ. ಎರಡನೇ ಮಹಾಯುದ್ಧದ ಕಥೆಯನ್ನಂತೂ ಎತ್ತಲೇಬೇಡಿ. ಉತ್ತರ ಆಫ್ರಿಕಾದ ಮರಳಿನಲ್ಲಿ ಹಾರಬೇಕಾದ ಸ್ಪಿಟ್‌ಫೈರ್ ವಿಮಾನಗಳ ಮೂತಿಯ ಕೆಳಗೆ ವೋಕ್ಸ್ ಫಿಲ್ಟರ್ ಎಂಬ ದೊಡ್ಡ ಗದ್ದವನ್ನು ಜೋಡಿಸಿದ್ದರು. ಅದರಿಂದ ವೇಗ ಕಡಿಮೆಯಾಯಿತು. ಬೆನ್ನ ಹಿಂದೆ ಶತ್ರು ವಿಮಾನ ಇರುವವರಿಗೆ ವೇಗ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕೆ? ಅಷ್ಟಾದರೂ ಈಜಿಪ್ಟಿನ ಅಬೂಕಿರ್ ವರ್ಕ್‌ಶಾಪಿನವರು ಕೂತು ಯೋಚಿಸಿ ಮಾಡಿದ್ದು ಇನ್ನೊಂದು ಫಿಲ್ಟರನ್ನು, ಸ್ವಲ್ಪ ಚಿಕ್ಕದನ್ನು. ಅವರಿಗೆ ಸರಿಯಾದ ಚಾ ಅಂಗಡಿ ಸಿಕ್ಕಿರಲಿಲ್ಲ.

ಲಕ್ಷಣಗಳು, ಸಮಜಾಯಿಷಿಗಳು

ಮೊದಲ ಬೇಸಿಗೆ ಏನೂ ಕಾಣುವುದಿಲ್ಲ. ನೀವು ಗೆದ್ದವರ ಹಾಗೆ ಓಡಾಡಬಹುದು, ಇನ್ನೊಬ್ಬರಿಗೂ ಸಲಹೆ ಕೊಡಬಹುದು. ಈ ಪದ್ಧತಿ ಹರಡಿರುವುದು ಹಾಗೆಯೇ. ಆಮೇಲೆ ಎಂಜಿನ್ ಆಯಿಲ್ ತಿನ್ನತೊಡಗುತ್ತದೆ. ಆಯಿಲ್ ಕಂಪನಿಗಳು ಮೋಸ ಮಾಡುತ್ತಿವೆ ಎನ್ನಿ. ನಂತರ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ.

"ಏನ್ರೀ ನಾಯ್ಕ್ರೆ, ಗಾಡಿ ಹೊಗೆ ಹಾಕ್ತದಲ್ಲ?"

"ಚಳಿಗೆ ಹಂಗೆ. ಬಿಸಿ ಆದ್ಮೇಲೆ ನಿಲ್ತದೆ."

"ಈಗ ಏಪ್ರಿಲ್ ಅಲ್ರಾ?"

ಇಂಥವರ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬಾರದು. ಮುಂದಿನ ಹಂತದಲ್ಲಿ ಏರಿನಲ್ಲಿ ಮತ್ತೆ ಮುಕ್ಕುವುದು ಶುರುವಾಗುತ್ತದೆ. ಪಿಕಪ್ ಸಾಲದೆಂದು ಫಿಲ್ಟರ್ ಕಿತ್ತಿರಿ. ಈಗ ಕಂಪ್ರೆಷನ್ನೇ ಇಲ್ಲ, ಕೀಳಲು ಫಿಲ್ಟರೂ ಇಲ್ಲ. ಕೊನೆಗೆ ಗಾಡಿ ಗ್ಯಾರೇಜಿಗೆ ಹೋಗುತ್ತದೆ. ಮೆಕ್ಯಾನಿಕ್ ಹೆಡ್ ಇಳಿಸಿ ಸಿಲಿಂಡರಿನ ಬಾಯಿಯ ಹತ್ತಿರ ನಿಮ್ಮ ಬೆರಳು ಇಡಿಸುತ್ತಾರೆ: "ಉಗುರು ಇಲ್ಲಿಂದ ಕೆಳಗೆ ಎಳೀರಿ." ಉಗುರು ಒಂದು ಅಂಚಿಗೆ ತಡೆದು ಟಕ್ ಎಂದು ಕೆಳಗಿಳಿಯುತ್ತದೆ. ರಿಂಗು ತಲುಪದ ಮೇಲಿನ ಪಟ್ಟಿ ಕಾರ್ಖಾನೆಯ ಅಳತೆಯದು, ಅಲ್ಲಿಂದ ಕೆಳಗಿನದು ಸವೆದದ್ದು. ಅವರು ಇನ್ನೇನೂ ಹೇಳುವುದಿಲ್ಲ. ಕೈಯೊರೆಸಿಕೊಂಡು ಖಾಲಿ ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ನೋಡಿ, ಮುಚ್ಚಿ, ಚೀಟಿ ಬರೆಯುತ್ತಾರೆ: ಬೋರ್ ಮಾಡಿಸುವುದು, 0.50 ಓವರ್‌ಸೈಜ್ ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ ಸೆಟ್, ಲೇತ್ ಚಾರ್ಜು. ಹತ್ತಾರು ಸಾವಿರದ ಆ ಪಟ್ಟಿಯ ಕೊನೆಗೆ ಏರ್ ಫಿಲ್ಟರ್ ಎಂದೂ ಇರುತ್ತದೆ, ಮುನ್ನೂರು ರೂಪಾಯಿ ಆಸುಪಾಸು. ಬಿಲ್ಲು ಜಾಸ್ತಿಯಾಯಿತೆಂದು ಚೌಕಾಸಿ ಮಾಡುವವರು ಮೊದಲು ಹೊಡೆಯುವುದು ಆ ಸಾಲನ್ನು.

ವಿಲೇವಾರಿ

ಚೀಟಿ ನೋಡಿದವರಲ್ಲಿ ಹೆಚ್ಚಿನವರು ಎಂಜಿನ್ ಕೆಲಸ ಮಾಡಿಸುವುದಿಲ್ಲ, ಗಾಡಿ ಮಾರುತ್ತಾರೆ. ಪದ್ಧತಿಯ ನಿಜವಾದ ಸೊಗಸಿರುವುದು ಇಲ್ಲಿ. ಸದ್ದಿನ ಸುಖ ಪೂರ್ತಿ ನಿಮಗೆ ಸಿಕ್ಕಿತು, ಖರ್ಚು ಆನವಟ್ಟಿಯಲ್ಲೋ ಶಿರಾಳಕೊಪ್ಪದಲ್ಲೋ ಇನ್ನೂ ಮುಖ ಕಾಣದ ಒಬ್ಬರ ತಲೆಯ ಮೇಲೆ ಬೀಳುತ್ತದೆ.

ಕೊಳ್ಳುವವರು ಬರುವ ಹೊತ್ತಿಗೆ ಎಂಜಿನ್ ಬಿಸಿ ಮಾಡಿಟ್ಟಿರಿ. ತಣ್ಣಗಿದ್ದಾಗ ಹಾಕುವ ಹೊಗೆ ನಿಮ್ಮಲ್ಲೇ ಉಳಿಯಲಿ. ದಪ್ಪ ಆಯಿಲ್ ಹಾಕಿಸಿದರೆ ಸದ್ದು ಒಂದಷ್ಟು ದಿನ ತಗ್ಗುತ್ತದೆ. ಆಯಿಲ್ ಸುರಿಯುವ ಮುಚ್ಚಳ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ ಎನ್ನುವ ಗಿರಾಕಿ ಬಂದರೆ, ಅಲ್ಲಿಂದ ಬುಸುಬುಸು ಹೊಗೆ ಎದ್ದು ವ್ಯವಹಾರ ಕೆಡುತ್ತದೆ. ಅಂಥವರಿಗೆ ಗಾಡಿ ಮಗಳ ಹೆಸರಲ್ಲಿದೆ, ಅವಳನ್ನು ಕೇಳಿ ಹೇಳುತ್ತೇನೆ ಎನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಸೊರಬದ ಬಿಡಿಭಾಗದ ಅಂಗಡಿಗೆ ಹೋಗಿ ಮುನ್ನೂರು ರೂಪಾಯಿ ಕೊಟ್ಟು ಹೊಸ ಏರ್ ಫಿಲ್ಟರ್ ತಂದು ಡಬ್ಬಿಯಲ್ಲಿ ಕೂರಿಸಿ, ಕ್ಲಿಪ್ಪು ಹಾಕಿ. ಬಾನೆಟ್ ಎತ್ತಿ ಆ ಬೆಳ್ಳನೆಯ ಕಾಗದ ತೋರಿಸಿದರೆ ಕೊಳ್ಳುವವರಿಗೆ ನೀವು ಗಾಡಿಯನ್ನು ಎಷ್ಟು ಜೋಪಾನ ಮಾಡಿದ್ದೀರೆಂದು ತಿಳಿಯುತ್ತದೆ.

ಬಂದ ದುಡ್ಡಿನಲ್ಲಿ ನೀವೂ ಒಂದು ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ನೋಡಲು ಹೊರಟಿರುತ್ತೀರಿ. ಅಲ್ಲಿ ಉಳಿದದ್ದೆಲ್ಲ ಹಳತಾಗಿದ್ದು ಏರ್ ಫಿಲ್ಟರ್ ಒಂದೇ ಹೊಚ್ಚಹೊಸದಾಗಿದ್ದರೆ, ಮಾರುವವರು ಯಾವ ಕೈಪಿಡಿ ಓದಿದ್ದಾರೆಂದು ಕೇಳಿಕೊಳ್ಳಿ.